ಹಳೇ ಡಬ್ಬಾ ಅಂದ ತಪ್ಪಿಗೆ

ಇವತ್ತು ಬೆಳಿಗ್ಗೆ ನಮ್ಮ ಬಾಲ್ಕನಿಯಲ್ಲಿ ಒಂದು ಸಣ್ಣ ದಿಂಬು ಒಣಗುತ್ತಿತ್ತು. ಹಳೆಯ ಕೌದಿಯ ತುಂಡುಗಳನ್ನು ಸೇರಿಸಿ ಹೊಲಿದದ್ದು. ಬಿಸಿಲು ಬಿದ್ದರೆ ಈಗಲೂ ಅದರಿಂದ ಪೆಟ್ರೋಲ್ ವಾಸನೆ ಬರುತ್ತದೆ ಎಂದು ನನ್ನ ಭ್ರಮೆ. ನನ್ನ ಹೆಂಡತಿ ಸುಮಿತ್ರಾ ಸ್ವಲ್ಪ ಗಿಡ್ಡ. ಸ್ಟಿಯರಿಂಗಿನ ಮೇಲಿಂದ ರಸ್ತೆ ಕಾಣಲೆಂದು ಅದನ್ನು ಸೀಟಿಗೆ ಹಾಕಿಕೊಳ್ಳುತ್ತಿದ್ದಳು. ನಮ್ಮ ಮೊದಲ ಕಾರು ಕಳುವಾದ ದಿನ ದಿಂಬು ಒಗೆಯಲು ಮನೆಗೆ ಬಂದಿತ್ತು, ಹಾಗಾಗಿ ಉಳಿಯಿತು. ಕಾರಿನ ಕಥೆ ಹೇಳುತ್ತೇನೆಂದರೆ ನೀವು ಕಳ್ಳನ ಕಥೆ ಎಂದುಕೊಂಡೀರಿ. ಕಳ್ಳನ ವಿಷಯ ನನಗೇನೂ ಗೊತ್ತಿಲ್ಲ, ಪೊಲೀಸರಿಗೂ ಗೊತ್ತಾಗಲಿಲ್ಲ. ಇದು ನನ್ನ ನಾಲಿಗೆಯ ಕಥೆ.

ಕಾರು ಹೆಸರಿಗೆ ನನ್ನದು, ಓಡಿಸುತ್ತಿದ್ದವಳು ಅವಳು. ಐವತ್ತು ದಾಟಿದ ಮೇಲೆ ಕಲಿತಳು. ನಾನು ಅದಕ್ಕೂ ಮೊದಲೇ ಕಲಿತು, ಒಂದು ರಿಕ್ಷಾಕ್ಕೆ ಗುದ್ದಿ, ಅಲ್ಲಿಗೇ ಕೈಬಿಟ್ಟವನು. ಪ್ರತಿ ಭಾನುವಾರ ಆಕೆ ಪವಾಯಿಯಿಂದ ಮಾಟುಂಗಕ್ಕೆ ಹೋಗಿ ಅಲ್ಲಿನ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಅಜ್ಜಿಯ ಜೊತೆ ಹಿಂದಿಯಲ್ಲಿ ಮಾತಾಡುವ ಮಕ್ಕಳು. ಮೊಣಕಾಲು ನೋವಿನಿಂದ ಅವಳಿಗೆ ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಕಾರು ಇದ್ದರೆ ಮಾಟುಂಗ, ಇಲ್ಲದಿದ್ದರೆ ಮನೆ. ಲೆಕ್ಕ ಅಷ್ಟು ಸರಳ.

ಬಿಲ್ಡಿಂಗಿಗೆ ಬಣ್ಣ ಹೊಡೆಯುತ್ತಿದ್ದಾಗ ಕಾರನ್ನು ಹೊರಗೆ ರಸ್ತೆಯಲ್ಲಿ ನಿಲ್ಲಿಸಿದೆವು. ಬೆಳಗಾಗುವುದರೊಳಗೆ ಇರಲಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಟ್ಟೆವು, ಎರಡೂ ಕೀಲಿಕೈಗಳನ್ನು ವಿಮಾ ಕಂಪನಿಗೆ ಒಪ್ಪಿಸಿದೆವು. ಕೆಲವು ದಿನಗಳ ನಂತರ ಕಂಪನಿಯ ಕಡೆಯಿಂದ ವಿಚಾರಣೆಗೆ ಒಬ್ಬರು ಬಂದರು. ಬೆಳಗಾವಿ ಕಡೆಯವರು, ಪಾಟೀಲರು. ಬಾಗಿಲಲ್ಲೇ ಕನ್ನಡ ಕೇಳಿ ನಾನು ಹಿಗ್ಗಿಹೋದೆ. ಬಂದವರು ವಿಚಾರಣೆಗೆ ಬಂದಿದ್ದಾರೆ ಎಂಬುದೇ ಮರೆತು, ಬೀಗರು ಬಂದಂತೆ ಚೂಡಾ, ಚಹಾ ಎಂದು ಸಡಗರಪಟ್ಟೆ.

ಇಲ್ಲಿ ನಮ್ಮ ಧಾರವಾಡದ ಮನೆಯ ಪದ್ಧತಿ ಒಂದಿಷ್ಟು ಹೇಳಬೇಕು. ನಮ್ಮದು ಎನ್ನುವುದನ್ನು ನಾವೇ ಹೊಗಳಬಾರದು. ನಮ್ಮವ್ವ ಎರಡು ಪಲ್ಯ, ಕೋಸಂಬರಿ, ಹೋಳಿಗೆ ಬಡಿಸಿ, “ಏನೂ ಮಾಡಿಲ್ರಿ, ಹಂಗ ಒಂದೀಟು ಅನ್ನಾ ಸಾರು” ಎನ್ನುತ್ತಿದ್ದಳು. ಅಣ್ಣ ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗನಾಗಿ ಬಂದಾಗ ಅಪ್ಪ ಊರೆಲ್ಲ, ಹುಡುಗ ಹೇಗೋ ಪಾಸಾದ ಎಂದು ಹೇಳಿಕೊಂಡು ತಿರುಗಿದ. ದೃಷ್ಟಿ ಬೀಳುತ್ತದೆ ಎಂಬ ಹೆದರಿಕೆ ಒಂದು, ದೊಡ್ಡಸ್ತಿಕೆ ಕಾಣಬಾರದೆಂಬುದು ಇನ್ನೊಂದು. ಕೇಳುವವರೂ ಅದನ್ನು ತಿರುಗಿಸಿಯೇ, ಚೆನ್ನಾಗಿದೆ ಎಂದೇ, ತಿಳಿದುಕೊಳ್ಳುತ್ತಿದ್ದರು.

ಪಾಟೀಲರು ಚೂಡಾ ಬಾಯಿಗೆ ಹಾಕಿಕೊಳ್ಳುತ್ತ, ಗಾಡಿ ಹೆಂಗಿತ್ರಿ ಸರ ಎಂದರು. ನಾನು ಕೈ ಕೊಡವಿ ಹೇಳಿದೆ:

“ಏನ್ ಗಾಡಿ ತೊಗೋರಿ, ಹಳೇ ಡಬ್ಬಾ. ಹೆಂಗೋ ನಡೀತಿತ್ತು.”

ಓಡಿಸುತ್ತಿದ್ದವರು ಯಾರು ಎಂದರು. ಸುಮಿತ್ರಾ ಆಗಷ್ಟೇ ಚಹಾ ತಂದಿದ್ದಳು. ಈಕೆ ಓಡಸ್ತಾಳ ಹಂಗ, ಗ್ವಾಡಿಗೆ ಹಾಯಿಸದ ಮನಿಗೆ ತಂದ್ರ ಸಾಕು ಎಂದೆ. ಪಾಟೀಲರು ನಕ್ಕರು. ನಾನೂ ನಕ್ಕೆ. ಅವರು ನಗುತ್ತಲೇ ಬರೆದುಕೊಳ್ಳುತ್ತಿದ್ದುದನ್ನು ನಾನು ಗಮನಿಸಲಿಲ್ಲ.

ತಿಂಗಳ ಮೇಲೆ ಕಂಪನಿಯ ಪತ್ರ ಬಂತು. ಮಾಲೀಕರ ಸ್ವಂತ ಹೇಳಿಕೆಯಂತೆ ವಾಹನವು ಜೀರ್ಣಾವಸ್ಥೆಯಲ್ಲಿತ್ತು, ಚಾಲಕರಿಗೆ ಗೋಡೆಗೆ ತಾಗಿಸುವ ಅಭ್ಯಾಸವಿತ್ತು, ಆದ್ದರಿಂದ ಪಾಲಿಸಿಯಲ್ಲಿ ಬರೆದ ಬೆಲೆಯ ಅರ್ಧವನ್ನು ಮಾತ್ರ ಕೊಡಲಾಗುವುದು. ಅರ್ಧಕ್ಕೆ ಒಂದು ಸುಮಾರಾದ ಹಳೆಯ ಕಾರೂ ಬರುವಂತಿರಲಿಲ್ಲ. ಸುಮಿತ್ರಾ ಪತ್ರ ಓದಿ ಮಡಚಿಟ್ಟಳು. ಸಂಜೆ ಮಾಟುಂಗಕ್ಕೆ ಫೋನ್ ಮಾಡಿ, ಬೇರೆ ಯಾರಾದರೂ ಟೀಚರನ್ನು ಹುಡುಕಿಕೊಳ್ಳಿ ಎಂದಳು. ನನಗೆ ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು.

ನಾನು ಪಾಟೀಲರಿಗೆ ಫೋನ್ ಮಾಡಿ ರೇಗಿದೆ. ನೀವು ನಮ್ಮ ಕಡೆಯವರು, ನಾನು ಅಂದದ್ದರ ಅರ್ಥ ನಿಮಗೆ ತಿಳಿಯಲಿಲ್ಲವೇ ಎಂದೆ. ಅವರು ತಣ್ಣಗೆ ಉತ್ತರಿಸಿದರು.

“ತಿಳೀತ್ರಿ ಸರ. ಆದ್ರ ಫಾರ್ಮಿನ್ಯಾಗ ಮರ್ಯಾದಿಗಿ ಕಾಲಮ್ ಇಲ್ಲಲ್ರಿ.”

ಸರಿ, ತಕರಾರು ಅರ್ಜಿ ಬರೆಯಲು ಕೂತೆ. ಮೂವತ್ತೈದು ವರ್ಷ ಆಫೀಸಿನಲ್ಲಿ ಪತ್ರ ಬರೆದವನು ನಾನು, ಸ್ವಂತ ಕಾರನ್ನು ಹೊಗಳುವುದು ಹೇಗೆಂದು ತಿಳಿಯದೆ ಪೆನ್ನು ಕಚ್ಚುತ್ತ ಕೂತೆ. ಕೊನೆಗೆ, ‘ವಾಹನವು ಸಾಧಾರಣವಾಗಿ ಚೆನ್ನಾಗಿತ್ತು’ ಎಂದು ಬರೆದೆ. ಸುಮಿತ್ರಾ ಹಿಂದೆ ನಿಂತು ಓದಿ, ಪೆನ್ನು ಕಸಿದುಕೊಂಡು ‘ಸಾಧಾರಣವಾಗಿ’ ಎಂಬುದನ್ನು ಹೊಡೆದುಹಾಕಿದಳು. ಉಳಿದದ್ದನ್ನು ಅವಳೇ ಬರೆದಳು. ಎರಡು ಪುಟವಾಯಿತು.

ಕಂಪನಿ ಜಗ್ಗಲಿಲ್ಲ. ವಿಮೆಯ ದೂರು ಕೇಳುವ ಅಧಿಕಾರಿಯ ಮುಂದೆ ಹೋದೆವು. ಆ ಕಚೇರಿಯ ಮೆಟ್ಟಿಲುಗಳನ್ನು ಸುಮಿತ್ರಾ ಕಟಾಂಜನ ಹಿಡಿದುಕೊಂಡು ಹತ್ತಿದಳು. ಅಧಿಕಾರಿ ಹೆಂಗಸು, ಮರಾಠಿಯವರು. ಕಾಗದ ತಿರುವಿ ಹಾಕಿ, ಗಾಡಿ ಹೇಗಿತ್ತು ಎಂದು ಹಿಂದಿಯಲ್ಲಿ ಕೇಳಿದರು. ನಂಬಿ, ಅಷ್ಟೆಲ್ಲ ಆದ ಮೇಲೂ ನನ್ನ ಬಾಯಿಂದ ಬಂದದ್ದು, “ಠೀಕ್ ಹೀ ಥೀ ಮ್ಯಾಡಮ್...” ಪರವಾಗಿಲ್ಲ, ನಡೀತಿತ್ತು ಎಂಬ ಅದೇ ಹಳೆಯ ರಾಗ. ಸುಮಿತ್ರಾ ನನ್ನ ಮೊಣಕೈ ಹಿಡಿದು ಒತ್ತಿದಳು.

“ಬಹುತ್ ಅಚ್ಛೀ ಥೀ ಮ್ಯಾಡಮ್. ಔರ್ ಮೈ ಅಚ್ಛಾ ಚಲಾತೀ ಥೀ.”

ಗಾಡಿ ತುಂಬ ಚೆನ್ನಾಗಿತ್ತು, ನಾನು ಚೆನ್ನಾಗಿಯೇ ಓಡಿಸುತ್ತಿದ್ದೆ ಎಂದ ಮೇಲೆ ಅವಳು ನಿಲ್ಲಲಿಲ್ಲ. ಯಾವ ಮಳೆಗಾಲದಲ್ಲೂ ನಡುದಾರಿಯಲ್ಲಿ ನಿಂತಿಲ್ಲ, ಒಂದು ಗೀರೂ ಬಿದ್ದಿಲ್ಲ, ಸರ್ವಿಸಿನ ಚೀಟಿಗಳು ಇಗೋ, ಗೋಡೆಯ ಮಾತು ಇವರ ಬಾಯಿಚಪಲ ಎಂದು ಒಂದೊಂದಾಗಿ ಹೇಳಿದಳು. ಅಧಿಕಾರಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನಾನು, ನೀನು ಮಾತಾಡಿದ್ದು ಒಳ್ಳೆಯದಾಯಿತು ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸಿಟ್ಟೇನೂ ಇರಲಿಲ್ಲ ದನಿಯಲ್ಲಿ.

“ಕಾರಿಗಾದ್ರ ಅರ್ಜಿ ಹಾಕ್ಲಿಕ್ಕೆ ಒಂದ್ ಜಾಗಾ ಇತ್ತು ನೋಡ್ರಿ.”

ಮೊದಲು ನನಗೆ ಅರ್ಥವಾಗಲಿಲ್ಲ. ಸಿಗ್ನಲ್ಲಿನಲ್ಲಿ ಟ್ಯಾಕ್ಸಿ ನಿಂತಾಗ ಅರ್ಥವಾಯಿತು. ಆಕೆಗೇನ್ ಬರ್ತದ್ರಿ, ಏನೋ ಒಂದು ಕುದಿಸಿ ಹಾಕ್ತಾಳ, ಹಂಗ ಭಾನುವಾರ ಟೈಮ್‌ಪಾಸಿಗೆ ಅಆಇಈ ಹೇಳ್ತಾಳ. ಮೂವತ್ತು ವರ್ಷ ಬಂದವರ ಮುಂದೆಲ್ಲ ನಾನು ಅಂದದ್ದು. ಪ್ರತಿ ಸಲವೂ ಅವಳು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿರುತ್ತಿದ್ದಳು. ಅವಳೂ ತಿರುಗಿಸಿ ತಿಳಿದುಕೊಳ್ಳುತ್ತಾಳೆ ಎಂದು ನಾನು ಒಮ್ಮೆಯೂ ಕೇಳದೆ ನಂಬಿದ್ದೆ. ನನಗೆ ನಾಚಿಕೆಯಾಯಿತು.

ತೀರ್ಪು ನಮ್ಮ ಕಡೆ ಆಯಿತು. ತಾನೇ ಬರೆದ ಬೆಲೆಗೆ ಕಂತು ತೆಗೆದುಕೊಂಡ ಕಂಪನಿ, ಹರಟೆಯ ಮಾತು ಹಿಡಿದು ಅದನ್ನು ಇಳಿಸುವಂತಿಲ್ಲ ಎಂದು. ಪೂರ್ತಿ ಹಣ ಬಂತು. ಸೆಕೆಂಡ್‌ಹ್ಯಾಂಡ್ ಕಾರು ಬಂತು. ಮಾಟುಂಗದವರು ಪುಣ್ಯಕ್ಕೆ ಬೇರೆ ಟೀಚರನ್ನು ಹುಡುಕಿರಲಿಲ್ಲ.

ಇವತ್ತು ಮಧ್ಯಾಹ್ನ, ಆರನೇ ಮಹಡಿಗೆ ಹೊಸದಾಗಿ ಬಂದ ಉಡುಪಿ ಕಡೆಯ ರಾಯರು ಪರಿಚಯಕ್ಕೆಂದು ಬಂದಿದ್ದರು. ಈ ಟ್ರಾಫಿಕ್ಕಿನಲ್ಲಿ ನಿಮ್ಮ ಮನೆಯವರು ಮಾಟುಂಗದವರೆಗೆ ಡ್ರೈವ್ ಮಾಡುವುದಂತೆ, ಹೌದಾ ಮಾರಾಯ್ರೆ ಎಂದರು. ಹಳೆಯ ಮಾತು ತುದಿನಾಲಿಗೆಗೆ ಬಂದಿತ್ತು. ನುಂಗಿದೆ. ಭಾಳ ಚಲೋ ಓಡಸ್ತಾಳ್ರಿ, ಅದಕ್ಕಿಂತ ಚಲೋ ಕಲಸ್ತಾಳ ಎಂದೆ. ಹೇಳುವಾಗ ನನ್ನ ಕಿವಿ ಬಿಸಿಯಾಯಿತು.

ಸುಮಿತ್ರಾ ರಾಯರ ಕೈಗೆ ಕಪ್ಪು ಕೊಟ್ಟು, ನನ್ನ ಕಡೆ ತಿರುಗಿದಳು.

“ಏನಂದ್ರಿ? ಕೇಳಸ್ಲಿಲ್ಲ, ಇನ್ನೊಮ್ಮೆ ಹೇಳ್ರಿ.”

ಅವಳಿಗೆ ಚೆನ್ನಾಗಿ ಕೇಳಿಸಿತ್ತೆಂದು ನನಗೆ ಗೊತ್ತಿತ್ತು. ಇನ್ನೊಮ್ಮೆ ಹೇಳಿದೆ.