ಮೋತಿಯ ಕೆಮ್ಮು

ನಿಜಾಮನ ಕಾಲದಾಗ ನಮ್ಮಪ್ಪ ನನ್ನ ಶಹಾಬಾದಿನ ಪರಸಿಕಲ್ಲಿನ ಖಣಿಯೊಳಗ ಲೆಕ್ಕ ಬರಿಯೋ ಮುನ್ಶಿ ಕೆಲಸಕ್ಕ ಹಚ್ಚಿದ್ದ. ಅಲ್ಲಿ ಕಲ್ಲೊಡಿಯೋ ಖಾಸೀಂಚಾಚಾ ಕೈಲಾಗದಂಗಾಗಿ ಚಿಂಚೋಳಿಗೆ, ಮಗಳ ಮನಿಗೆ ಹೊಂಟಾಗ ತನ್ನ ಮುದಿ ನಾಯಿ ಮೋತೀನ ನನ್ನ ಕೈಗೆ ಕೊಟ್ಟ.

"ಇದಕ್ಕೂ ನನ್ನದೇ ಕೆಮ್ಮದ, ಮುನ್ಶೀಜಿ. ಹಕೀಮರು ನನಗ ಕೊಡೋ ಕಷಾಯ, ಆ ಕಾಢಾದಾಗ ಅರ್ಧ ಇದಕ್ಕ ಕುಡಸ್ತಿದ್ದೆ. ಮರೀಬ್ಯಾಡ್ರಿ."

ಚಾಚಾನೇ ಊರು ಬಿಟ್ಟ ಮ್ಯಾಲ ಕಾಢಾ ಎಲ್ಲಿಂದ ತರ್ಲಿ? ನಾಯಿಗಂದ್ರ ಕೊಡಂಗಿಲ್ಲಂತ ಹೆದರಿ, ದವಾಖಾನ್ಯಾಗ "ನಮ್ಮ ಮೋತಿಗೆ ಕೆಮ್ಮದರಿ" ಅಂತಷ್ಟೇ ಅಂದೆ.

"ವಯಸ್ಸೆಷ್ಟು?" ಹಕೀಮರು ಕೇಳಿದ್ರು.

"ಹನ್ನೆರಡ್ರಿ."

"ಕೆಮ್ಮು ಎಂದಿಂದ?"

"ನಾಕು ವರ್ಷಾತ್ರಿ. ಖಣಿ ಧೂಳಿಂದ ಬಂದದ್ದು."

ಹಕೀಮರ ಗಡ್ಡ ನಡುಗ್ತು. "ಅರೇ, ಎಂಟು ವರ್ಷದ ಕೂಸಿನ್ನ ಖಣಿಗೆ ಇಳಿಸಿದ್ಯಾ? ನೀ ಎಂಥಾ ಅಪ್ಪಲೇ? ನಾಳಿ ಅವನ್ನ ಕರ್ಕೊಂಡು ಬಾ!"

ಮರುದಿನ ಮೋತೀನ ಹೊತ್ಕೊಂಡು ಹೋದೆ. ಸಾಲಿನ್ಯಾಗ ಕುಂತ ಮಂದಿಯೆಲ್ಲ ನಕ್ಕರು. ಹಕೀಮರು ನಗಲಿಲ್ಲ. ಬಗ್ಗಿ ಅದರ ಎದಿಗೆ ಕಿವಿ ಹಚ್ಚಿ ಭಾಳ ಹೊತ್ತು ಕೇಳಿದ್ರು. "ಕಲ್ಲೊಡಿಯೋರ ಎದ್ಯಾಗೂ ಇದೇ ಸದ್ದು," ಅಂದು ಎರಡು ಸೀಸೆ ಕಾಢಾ ಕೊಟ್ರು.

ಮೋತಿ ಇನ್ನೂ ಎರಡು ಮಳಿಗಾಲ ನನ್ನ ಹೊರಸಿನ ಬುಡಕ್ಕ ಮಲಗಿ ಕೆಮ್ಮಿತು.

ಈಗ ಆ ಸದ್ದು ನನ್ನ ಎದ್ಯಾಗದ. ದವಾಖಾನ್ಯಾಗ ವಯಸ್ಸು ಕೇಳ್ತಾರ, ಎಪ್ಪತ್ತು ಅಂತೀನಿ, ಗುಳಿಗಿ ಕೊಟ್ಟು ಕಳಸ್ತಾರ. ಖಣಿಗೆ ಯಾಕ ಕಳಿಸಿದಿ ಅಂತ ನಮ್ಮಪ್ಪಗ ಬಯ್ಯೋರು ಮಾತ್ರ ಯಾರೂ ಇಲ್ಲ.