ನೀರಿಗಿಳಿದ ತೋಟ ಮತ್ತು ಲೈಲ್ ಕಾರ್ಪಿಯವರು

ಮನೆತೆರಿಗೆಯ ನೋಟಿಸು ಬಂದಾಗ ಎದೆ ಧಸಕ್ಕೆನ್ನದ ಮನೆಯೊಡೆಯರು ಅಮೆರಿಕದ ಈರಿ ಸರೋವರದ ದಂಡೆಯ ನಮ್ಮ ಕೌಂಟಿಯಲ್ಲಿ ವಿರಳ. ಆ ನೋಟಿಸು ಹೊರಡುವ ಕಚೇರಿಯಲ್ಲೇ ಮೂರು ದಶಕ ಆಸ್ತಿ ಮೌಲ್ಯಮಾಪಕರಾಗಿದ್ದು, ಹಾಗಿದ್ದೂ ಬೀದಿಯಲ್ಲಿ ಎದುರಾದವರೆಲ್ಲ ನಿಂತು ಮಾತನಾಡಿಸುವಷ್ಟು ಪ್ರೀತಿ ಗಳಿಸಿದವರು ಶ್ರೀ ಲೈಲ್ ಕಾರ್ಪಿಯವರು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಸಹೋದ್ಯೋಗಿಗಳಾದ ನಮಗೆ ಮೊದಲು ನೆನಪಾಗುವುದು ಶ್ರೀಮತಿ ಮಾರ್ಗಿಟ್ ವಾರ್ಗ ಅವರ ಪ್ರಸಂಗ.

ಕಾರ್ಪಿಯವರು ಕೆಲಸಕ್ಕೆ ಸೇರಿದ ಹೊಸತು. ಮಾರ್ಗಿಟ್ ಆಗಷ್ಟೇ ಗಂಡ ಗೇಜಾರನ್ನು ಕಳೆದುಕೊಂಡಿದ್ದರು. ದಿಬ್ಬದ ಅಂಚಿನಲ್ಲಿ ಮನೆ, ಹಿತ್ತಿಲಲ್ಲಿ ಗೇಜಾ ನೆಟ್ಟ ಹುಳಿಚೆರ್ರಿ ಮರಗಳು. ವಸಂತ ಬಂದಾಗಲೆಲ್ಲ ಸರೋವರವು ದಿಬ್ಬವನ್ನು ಕೊರೆದು, ಒಂದೊಂದೇ ಮರವನ್ನು ಹೂವಿನ ಸಮೇತ, ಸದ್ದಿಲ್ಲದೆ ತನ್ನೊಳಕ್ಕೆ ಇಳಿಸಿಕೊಳ್ಳುತ್ತಿತ್ತು. ಅಂಥದರಲ್ಲಿ, ಸರೋವರ ಕಾಣುವ ಮನೆಗಳಿಗೆ ಬೇಡಿಕೆ ಹೆಚ್ಚಿದ್ದರಿಂದ ಅವರ ಆಸ್ತಿಯ ಮೌಲ್ಯ ಏರಿದೆಯೆಂದು ನೋಟಿಸು ಬಂತು. ಅಷ್ಟು ತೆರಿಗೆ ಕಟ್ಟಲು ಪಿಂಚಣಿ ಸಾಲದು. ಕಟ್ಟದಿದ್ದರೆ ಮನೆ ಉಳಿಯದು. ಅವರು ನೇರ ಕಚೇರಿಗೆ ನುಗ್ಗಿದರು.

"ಇನ್ನೇನು ಬಿಟ್ಟಿದ್ದೀರಿ? ಸರೋವರದ ಮೀನಿಗೂ ತೆರಿಗೆ ಹಾಕಿಬಿಡ್ರಯ್ಯಾ!"

ಕಾರ್ಪಿಯವರು ಕುರ್ಚಿ ಎಳೆದು ಕೂರಿಸಿದರು. "ತೆರಿಗೆ ಎಷ್ಟು ಬೇಕು ಅಂತ ತೀರ್ಮಾನ ಮಾಡೋದು ನಾವಲ್ಲಮ್ಮ. ಶಾಲೆಗೆ, ಗ್ರಂಥಾಲಯಕ್ಕೆ, ಅಗ್ನಿಶಾಮಕ ದಳಕ್ಕೆ ಅಂತ ಊರೋರೇ ಓಟು ಹಾಕಿ ಒಪ್ಪಿರ್ತೀರಿ. ಆ ಹೊರೆ ಎಲ್ಲ ಮನೆಗಳ ಮೇಲೂ ಹಂಚ್ತಾರೆ. ಯಾವ ಮನೆ ಎಷ್ಟು ಬಾಳತ್ತೆ ಅಂತ ಹೇಳೋದಷ್ಟೇ ನಮ್ಮ ಕೆಲಸ. ನಮ್ಮ ಲೆಕ್ಕ ತಪ್ಪಿದ್ರೆ ನಿಮ್ಮ ಪಾಲಿನ ತೆರಿಗೇನೂ ತಪ್ಪಾಗತ್ತೆ." ಬಳಿಕ ನಕ್ಷೆ ಬಿಡಿಸಿ ಕೇಳಿದರು, "ತೋಟ ಇಷ್ಟುದ್ದ ಇದೆಯಲ್ಲ?"

"ಇದೆ. ನೀರೊಳಗೆ."

ಮರುದಿನ ಬೆಳಗ್ಗೆ ಕಾರ್ಪಿಯವರನ್ನು ದೋಣಿಯಲ್ಲಿ ಕೂರಿಸಿಕೊಂಡು ಮಾರ್ಗಿಟ್ ತಾವೇ ಹುಟ್ಟು ಹಾಕಿದರು. ಮಂಜು ಮಲಗಿತ್ತು, ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಮೊದಲಾಗುತ್ತದೆಂಬುದೇ ತಿಳಿಯುತ್ತಿರಲಿಲ್ಲ. ಒಂದೆಡೆ ಅವರು ಹುಟ್ಟು ಎತ್ತಿ ಹಿಡಿದರು. "ಇದು ಅಡುಗೆಮನೆ ಬಾಗಿಲಿಂದ ಬರೋ ದಾರಿ. ಇಲ್ಲಿ ಬೆಂಚು. ಸ್ವಲ್ಪ ಕಾಲೆತ್ತಿ, ಮೆಣಸಿನ ಪಾತಿ ತುಳೀತಿದ್ದೀರಿ."

ಕಾರ್ಪಿಯವರು ನಿಜಕ್ಕೂ ಕಾಲೆತ್ತಿಕೊಂಡರಂತೆ. ಕೆಳಗೆ, ತಿಳಿನೀರಿನಲ್ಲಿ, ಒರಗಿ ಮಲಗಿದ ಚೆರ್ರಿ ಮರದ ಕೊಂಬೆಗಳು ಮೆಲ್ಲಗೆ ತೂಗುತ್ತಿದ್ದವು. ಬೆಳ್ಳಿಮೀನುಗಳು ಅವುಗಳ ನಡುವೆ ಹೂವಿನಂತೆ ನಿಂತಿದ್ದವು.

"ಮೇಲ್ಮನವಿ ಹಾಕಿ," ಎಂದರು ಕಾರ್ಪಿಯವರು. "ಈ ಜಾಗ ಲೆಕ್ಕದಿಂದ ಹೋದ್ರೆ ತೆರಿಗೆ ಇಳಿಯತ್ತೆ."

ಮಾರ್ಗಿಟ್ ಬಗ್ಗಿ ನೀರೊಳಗೆ ಕೈಯಿಳಿಸಿದರು. "ನಾನು ಕಟ್ತಾನೇ ಇದ್ರೆ? ಆಗ ಇದು ಗೇಜಾನದ್ದೇ ಆಗಿರತ್ತಾ?"

"ಕಟ್ಟಿದ್ರೂ ನೀರು ವಾಪಸ್ ಕೊಡಲ್ಲಮ್ಮ. ಉಳಿದಿರೋ ಮನೇಲಿ ನೀವು ಉಳೀಬೇಕಲ್ಲ."

ಅಂದು ಅವರು ಮೇಲ್ಮನವಿಗೆ ಸಹಿ ಹಾಕಲಿಲ್ಲ, ಕಾರ್ಪಿಯವರೂ ಒತ್ತಾಯಿಸಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗಿ, ಚೆರ್ರಿ ಸೂಪು ಕುಡಿದು, ಗೇಜಾರ ಕಥೆಗಳನ್ನೆಲ್ಲ ಕೇಳಿ ಎದ್ದರು. ಬಾಗಿಲವರೆಗೆ ಬಂದ ಮಾರ್ಗಿಟ್, "ಪೆನ್ನು ಕೊಡಿ," ಎಂದರು.

ಮೇಲ್ಮನವಿ ಮಂಡಳಿಯ ಮುಂದೆ ತಮ್ಮದೇ ಕಚೇರಿಯ ಅಂಕಿಯ ವಿರುದ್ಧ ಸಾಕ್ಷಿಗೆ ನಿಂತ ಕಾರ್ಪಿಯವರನ್ನು ಮೇಲಧಿಕಾರಿ ಕೆಣಕಿದರು: "ಯಾರ ಸಂಬಳ ತಿಂತಿದ್ದೀರಿ, ಲೈಲ್?"

"ಇವರದ್ದೇ, ಸಾರ್," ಎಂದು ಮಾರ್ಗಿಟ್‌ರತ್ತ ಕೈ ತೋರಿದರಂತೆ. ಮೌಲ್ಯ ಇಳಿಯಿತು, ಮನೆ ಉಳಿಯಿತು; ಕಾರ್ಪಿಯವರ ಬಡ್ತಿ ಮಾತ್ರ ಕೆಲವು ವರ್ಷ ಮುಂದೆ ಹೋಯಿತು. ಅದನ್ನು ಅವರು ಯಾರೆದುರೂ ಹೇಳಿಕೊಂಡವರಲ್ಲ. ದಿಬ್ಬದಂಚಿನ ಮನೆಗಳನ್ನೆಲ್ಲ ನಡೆದೇ ಅಳೆದು ನಕ್ಷೆ ತಿದ್ದಿದರು. ಶನಿವಾರಗಳಂದು ಗ್ರಂಥಾಲಯದಲ್ಲಿ ಕುಳಿತು, ಬಂದವರಿಗೆಲ್ಲ ಅವರವರ ನೋಟಿಸನ್ನು ಓದಿ ಅರ್ಥ ಹೇಳಿದರು. ನಿವೃತ್ತಿಯ ಬಳಿಕವೂ ಆ ಶನಿವಾರಗಳು ನಿಲ್ಲಬಾರದೆಂಬುದು ನಮ್ಮೆಲ್ಲರ ಕೋರಿಕೆ.

ಕಾರ್ಪಿಯವರ ಈ ಅಭಿನಂದನಾ ಸಂಪುಟಕ್ಕೊಂದು ಹಾರೈಕೆ ಬೇಕೆಂದು ಕೇಳಲು ಹೋದಾಗ, ಈಗ ತೊಂಬತ್ತು ದಾಟಿರುವ ಮಾರ್ಗಿಟ್ ಕಿಟಕಿಯಾಚೆಯ ನೀರನ್ನು ನೋಡುತ್ತ ಹೇಳಿದರು: "ಅವನ ಆಯಸ್ಸು ವರ್ಷ ವರ್ಷ ಏರ್ಲಿ. ನನ್ನ ಮನೆ ಬೆಲೆ ಮಾತ್ರ ಏರೋದು ಬೇಡ."