ಎಂಟು ಸ್ಕ್ರೂ

ಮೂವತ್ತೊಂದು ವರ್ಷ ಆಪರೇಷನ್ ಥಿಯೇಟರಿನಲ್ಲಿ ನಿಂತು, ಬಿಚ್ಚಿದ ಹೊಟ್ಟೆಯನ್ನೂ ಸೀಳಿದ ಎದೆಯನ್ನೂ ಕಣ್ಣು ಮಿಟುಕಿಸದೆ ನೋಡಿದ ಹೆಂಗಸು ಒಂದು ತಗಡಿನ ಡಬ್ಬಕ್ಕೆ ಹೆದರಿದರು ಎಂದರೆ ಯಾರಾದರೂ ನಗುತ್ತಾರೆ. ನಗಲಿ. ಆ ಮಧ್ಯಾಹ್ನ ಎಣಿಕೆ ಸಿಸ್ಟರ್ ಮನೆಯ ಕಂಪ್ಯೂಟರನ್ನು ಊಟದ ಮೇಜಿನ ಮೇಲೆ ಅಡ್ಡ ಮಲಗಿಸಿ, ಸ್ಕ್ರೂಡ್ರೈವರ್ ಹಿಡಿದು ನಿಂತಾಗ ಕೈ ನಡುಗುತ್ತಿತ್ತು. ಆ ಡಬ್ಬದೊಳಗೆ ಅವರ ಗಂಡನ ದನಿ ಇತ್ತು. ಬೇರೆಲ್ಲೂ ಇರಲಿಲ್ಲ.

ಯಜಮಾನರು ಬಸ್ ಸ್ಟ್ಯಾಂಡಿನಲ್ಲಿ ಅನೌನ್ಸರ್ ಆಗಿದ್ದವರು. ಗಾಜಿನ ಗೂಡಿನಲ್ಲಿ ಕೂತು "ಪ್ರಯಾಣಿಕರ ಗಮನಕ್ಕೆ" ಎಂದರೆ ಸಾಕು, ಓಡುವವರು ನಿಲ್ಲುತ್ತಿದ್ದರು, ನಿಂತವರು ಓಡುತ್ತಿದ್ದರು. ಮನೆಯಲ್ಲೂ ಅದೇ ದನಿ. ಟವೆಲ್ ಕೇಳಿದರೆ ಪಕ್ಕದ ಮನೆಯವರು ತಂದುಕೊಡಬೇಕು, ಹಾಗೆ. ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಾಗ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಬೇರೆ ದಾರಿ ಇರಲಿಲ್ಲ. ಆಗ ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಒಂದು ಉಪಾಯ ಹೇಳಿದರು: ಆಪರೇಷನ್ನಿಗೆ ಮುಂಚೆ ದಿನಬಳಕೆಯ ಮಾತುಗಳನ್ನೆಲ್ಲ ಅವರ ದನಿಯಲ್ಲೇ ಕಂಪ್ಯೂಟರಿಗೆ ತುಂಬಿಡಿ, ಆಮೇಲೆ ಬೇಕಾದ ಮಾತನ್ನು ಒತ್ತಿದರೆ ಅದು ಹೇಳುತ್ತದೆ.

ಹದಿನೆಂಟು ದಿನ ಕೂತು ನಾನೂರ ಹತ್ತು ಮಾತು ತುಂಬಿದರು. "ನೀರು ಕೊಡು." "ಬಾಗಿಲಲ್ಲಿ ಯಾರು ನೋಡು." "ಉಪ್ಪು ಕಮ್ಮಿ." ಪಟ್ಟಿ ಬರೆದದ್ದು ಸಿಸ್ಟರ್, ಓದಿದ್ದು ಯಜಮಾನರು. ಒಂದೇ ಒಂದು ಮಾತನ್ನು ಮಾತ್ರ ಅವರು ಪಟ್ಟಿಯಲ್ಲಿಲ್ಲದಿದ್ದರೂ ತಾವಾಗಿ ಸೇರಿಸಿದರು, ಅದೂ ಮೂರು ಥರ. ಮೊದಲು ಮೆತ್ತಗೆ, ಆಮೇಲೆ ಮಾಮೂಲಾಗಿ, ಕೊನೆಗೆ ಗದರಿ: "ಒಂದ್ನಿಮಿಷ ನನ್ ಮಾತು ಕೇಳು."

"ಅದ್ಯಾಕ್ರೀ ಮೂರು ಸಲ?" ಎಂದು ಸಿಸ್ಟರ್ ನಕ್ಕಿದ್ದರು.

"ನಿಂಗೆ ಒಂದೇ ಸಲಕ್ಕೆ ಕೇಳಿಸಿದ್ದು ಯಾವಾಗ, ಇವ್ಳೇ?"

ಈಗ ಆಪರೇಷನ್ ಆಗಿ ಎರಡು ತಿಂಗಳು. ಯಜಮಾನರು ಕತ್ತಿನ ತೂತಿನಿಂದ ಉಸಿರಾಡುತ್ತಿದ್ದರು. ಕುತ್ತಿಗೆಗೆ ಒಂದು ಸ್ಲೇಟು, ಜೇಬಿನಲ್ಲಿ ಬಳಪ. ಕರೆಯಬೇಕೆಂದರೆ ಎರಡು ಚಪ್ಪಾಳೆ. ಕಂಪ್ಯೂಟರ್ ನೋಡಿದರೆ ಹನ್ನೊಂದು ವರ್ಷದ ಮುದುಕ. ಒಂದು ಮಾತು ಒತ್ತಿದರೆ ಅದು ಹೊರಬರುವಷ್ಟರಲ್ಲಿ ಕಾಫಿ ಆರುತ್ತಿತ್ತು. ಎರಡು ಕಡೆ ಇಟ್ಟುಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದರೆಂದು ಪೆನ್‌ಡ್ರೈವಿಗೆ ಹಾಕಹೋದರೆ ಅರ್ಧ ದಾರಿಯಲ್ಲಿ ಗರ ಬಡಿದಂತೆ ನಿಂತುಬಿಡುತ್ತಿತ್ತು. ಮೆಮೊರಿ ಹೆಚ್ಚಿಸಿ, ಹಳೆಯದರ ಜೊತೆಗೆ ಹೊಸ ಡಿಸ್ಕೊಂದನ್ನೂ ಹಾಕಿದರೆ ಸರಿಹೋಗುತ್ತದೆ ಎಂದು ಗೊತ್ತಾಯಿತು. ಅಂಗಡಿಗೆ ಕೊಡಲು ಸಿಸ್ಟರಿಗೆ ಧೈರ್ಯ ಬರಲಿಲ್ಲ. ಎದುರು ಮನೆಯವರ ಕಂಪ್ಯೂಟರನ್ನು ಅಂಗಡಿಯವನು ಒಂದು ಮಾತೂ ಕೇಳದೆ ಒರೆಸಿ, ಮಗಳ ಮದುವೆಯ ಫೋಟೋಗಳನ್ನೆಲ್ಲ ಗುಡಿಸಿ ಹಾಕಿ, "ಫುಲ್ ಕ್ಲೀನ್ ಮಾಡಿದೀನಿ ಮೇಡಂ" ಎಂದು ಹಲ್ಲು ಕಿರಿದಿದ್ದನಂತೆ. ಅದಕ್ಕೇ ವಿಡಿಯೋ ನೋಡಿ, ನಾಲ್ಕು ಪುಟ ಟಿಪ್ಪಣಿ ಬರೆದುಕೊಂಡು, ತಾವೇ ಕೈಹಾಕಿದರು.

ಕೈಹಾಕಿದ್ದು ಥಿಯೇಟರಿನ ರೀತಿಯಲ್ಲೇ. ಎಣಿಕೆ ಸಿಸ್ಟರ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆಪರೇಷನ್ನಿಗೆ ಮೊದಲು ಕತ್ತರಿ, ಸೂಜಿ, ರಕ್ತ ಒರೆಸುವ ಬಟ್ಟೆ ಎಲ್ಲವನ್ನೂ ಎಣಿಸಿ ಹಲಗೆಯ ಮೇಲೆ ಬರೆಯಬೇಕು, ಹೊಲಿಗೆಗೆ ಮುಂಚೆ ಮತ್ತೆ ಎಣಿಸಬೇಕು, ಎರಡೂ ತಾಳೆಯಾಗಬೇಕು. ಎಣಿಸುವಾಗ ಯಾರೂ ತುಟಿ ಬಿಚ್ಚುವಂತಿಲ್ಲ. ಒಮ್ಮೆ ದೊಡ್ಡ ಡಾಕ್ಟರು ಸೂಜಿ ಹಿಡಿದು ನಿಂತಿದ್ದಾಗ, "ಒಂದು ಬಟ್ಟೆ ಕಮ್ಮಿ ಇದೆ ಸಾರ್, ಹೊಲಿಯೋ ಹಾಗಿಲ್ಲ" ಎಂದು ಸಿಸ್ಟರ್ ಅಡ್ಡ ನಿಂತರು. ಡಾಕ್ಟರು ಉರಿದುಬಿದ್ದರು. ಬಾಗಿಲ ಬಳಿ ಬಕೆಟ್ ಹಿಡಿದು ನಿಂತಿದ್ದ ಆಯಾ, "ಎಡಗಡೆ ಹೋದ ಹಾಗಿತ್ತು ಸಿಸ್ಟರ್" ಎಂದು ಹೆದರುತ್ತ ಪಿಸುಗುಟ್ಟಿದಳು. ಅಷ್ಟು ಜನರಲ್ಲಿ ಆ ಮಾತು ಕಿವಿಗೆ ಹಾಕಿಕೊಂಡವರು ಸಿಸ್ಟರ್ ಒಬ್ಬರೇ. ಬಟ್ಟೆ ರೋಗಿಯ ಹೊಟ್ಟೆಯೊಳಗೆ ಎಡಗಡೆಯೇ ಸಿಕ್ಕಿತು. ಅಂದಿನಿಂದ ಆಸ್ಪತ್ರೆಯಲ್ಲಿ ಅವರ ಎಣಿಕೆಗೆ ಎದುರು ಮಾತಿರಲಿಲ್ಲ, ಮನೆಯಲ್ಲೂ ಇರಲಿಲ್ಲ.

ಈಗಲೂ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಬಿಚ್ಚಿದ ಸ್ಕ್ರೂಗಳಿಗೆ ಸ್ಟೀಲಿನ ಪುಟ್ಟ ತಟ್ಟೆ. ಮುಚ್ಚಳದ್ದು ನಾಲ್ಕು, ಹಳೆಯ ಡಿಸ್ಕಿನದು ನಾಲ್ಕು. "ಎಂಟು ಹೊರಗೆ" ಎಂದು ಜೋರಾಗಿ ಹೇಳಿ ಚೀಟಿಯಲ್ಲಿ ಬರೆದರು. ಹೊಸದನ್ನು ಕೂರಿಸಲು ಕೈ ಹೋಗಲೆಂದು ಹಳೆಯ ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ, ಹಸುಗೂಸನ್ನು ಮಲಗಿಸುವಂತೆ ಬಟ್ಟೆಯ ಮೇಲೆ ಮಲಗಿಸಿದರು. ನಾನೂರ ಹತ್ತು ಮಾತೂ ಅದರಲ್ಲೇ ಇದ್ದವು. ಕೈ ಜಾರಿದ್ದರೆ ಎಂದು ನೆನೆದೇ ಬೆನ್ನು ಬೆವರಿತು.

ಯಜಮಾನರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಸಿಸ್ಟರ್ ಹೊಸ ಡಿಸ್ಕಿನ ಪೊಟ್ಟಣ ಹರಿದು, ಅದರ ಸ್ಕ್ರೂಗಳನ್ನೂ ತಟ್ಟೆಗೆ ಸುರಿದುಕೊಂಡು, ನಾಲ್ಕು ಬಿಗಿದು ಡಿಸ್ಕ್ ಕೂರಿಸಿದರು. ಮೆಮೊರಿ ಪಟ್ಟಿಯನ್ನು ಟಕ್ಕೆನ್ನುವವರೆಗೆ ಒತ್ತಿದರು. ಹಳೆಯ ಡಿಸ್ಕನ್ನು ಸ್ವಸ್ಥಾನಕ್ಕೆ ಸೇರಿಸಲು ಬಗ್ಗಿದಾಗ, ಡಬ್ಬದ ಅಂಚಿನ ಮೇಲೆ ಇಟ್ಟುಕೊಂಡಿದ್ದ ತಟ್ಟೆಗೆ ಸೀರೆಯ ಸೆರಗು ತಾಗಿತು. ಅವರಿಗೆ ಅದು ಗೊತ್ತಾಗಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿಟ್ಟು ಎಣಿಸತೊಡಗಿದರು.

ಹಿಂದಿನಿಂದ ಎರಡು ಚಪ್ಪಾಳೆ.

"ಎಣಿಸ್ತಿದೀನಿ, ಮಾತಾಡ್ಬೇಡಿ" ಎಂದರು ಸಿಸ್ಟರ್ ತಿರುಗದೆ.

ಮತ್ತೆ ಎರಡು ಚಪ್ಪಾಳೆ, ಜೋರಾಗಿ.

"ನೀರಾ? ಲೋಟ ಅಲ್ಲೇ ಪಕ್ಕದಲ್ಲಿದೆ ನೋಡಿ."

ಯಜಮಾನರು ಎದ್ದು ಬಂದು ಸ್ಲೇಟನ್ನು ಅವರ ಮುಖಕ್ಕೇ ಹಿಡಿದರು. ಸಿಸ್ಟರ್ ಮೊಣಕೈಯಿಂದ ಅದನ್ನು ಪಕ್ಕಕ್ಕೆ ಸರಿಸಿದರು. "ಬೆಳಕಿಗೆ ಅಡ್ಡ ಬರ್ತೀರಲ್ರೀ! ಐದು, ಆರು, ಏಳು, ಎಂಟು. ಎಂಟು ಹೊರಗೆ, ಎಂಟು ಒಳಗೆ. ಸರಿ ಇದೆ." ಯಜಮಾನರು ಒಂದು ಗಳಿಗೆ ನಿಂತಿದ್ದು, ಒಳಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಕಾಫಿ ತಡವಾಯಿತೆಂದು ಮುನಿಸು, ಅಂದುಕೊಂಡರು ಸಿಸ್ಟರ್.

ಎಂಟೂ ಸ್ಕ್ರೂ ಬಿಗಿದರು. ಡಬ್ಬವನ್ನು ಎತ್ತಿ ನಿಲ್ಲಿಸಿ, ವೈರು ಚುಚ್ಚಿ, ಗುಂಡಿ ಒತ್ತಿದರು. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಹಸಿರು ದೀಪ ಮಿಣುಕಿ ಆರಿತು. ಮತ್ತೆ ಒತ್ತಿದರು. ಅರ್ಧ ಸುತ್ತು, ಮಿಣುಕು, ಸ್ತಬ್ಧ.

ವೈರು ಕಿತ್ತು, ಮೂಗು ಹತ್ತಿರ ಒಯ್ದು ಸುಟ್ಟ ವಾಸನೆ ಇದೆಯೇ ನೋಡಿದರು. ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಹೆದರಿದ ಮೂಗನ್ನು ನಂಬುವುದು ಹೇಗೆ? ಮುಚ್ಚಳ ಬಿಚ್ಚಿ ಹೊಸ ಮೆಮೊರಿ ತೆಗೆದರು, ಅದರ ಹಿತ್ತಾಳೆ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದರು. ಅರ್ಧ ಸುತ್ತು, ಸ್ತಬ್ಧ. ಹೊಸ ಡಿಸ್ಕಿನ ವೈರು ತಪ್ಪಿಸಿದರು. ಅರ್ಧ ಸುತ್ತು, ಸ್ತಬ್ಧ. ನಾಲ್ಕು ಪುಟದ ಟಿಪ್ಪಣಿಯನ್ನು ಮೇಲಿಂದ ಕೆಳಗೆ ಓದಿದರು, ಅಕ್ಷರಗಳೇ ಕಣ್ಣಿಗೆ ನಿಲ್ಲಲಿಲ್ಲ.

ಕೊನೆಗೆ ಬೇಡ ಬೇಡವೆಂದುಕೊಂಡೇ ಅಂಗಡಿಯವನಿಗೆ ಫೋನ್ ಮಾಡಿದರು, ದನಿ ತಗ್ಗಿಸಿ.

"ಬೋರ್ಡ್ ಹೋಗಿರತ್ತೆ ಮೇಡಂ" ಎಂದ ಅವನು, ಏನೋ ಅಗಿಯುತ್ತ. "ಎಲ್ಲೋ ಶಾರ್ಟ್ ಆಗಿದೆ. ಡಿಸ್ಕಿಗೂ ಹೊಡೆದಿದ್ರೆ ಒಳಗಿದ್ದಿದ್ದಕ್ಕೆ ಎಳ್ಳುನೀರು. ಮುಖ್ಯವಾದ್ದೇನಾದ್ರೂ ಇತ್ತಾ?"

ಸಿಸ್ಟರ್ ಫೋನ್ ಕೆಳಗಿಟ್ಟರು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಒಳಕೋಣೆಯಲ್ಲಿ ಯಜಮಾನರ ಕತ್ತಿನ ತೂತಿನಿಂದ ಹೋಗಿಬರುವ ಗಾಳಿಯ ಸಿಳ್ಳು ಕೂಡ ಇಲ್ಲಿಗೆ ಕೇಳುತ್ತಿತ್ತು. ಗಂಡನ ಆಪರೇಷನ್ ದಿನ ಸಿಸ್ಟರ್ ಮೊದಲ ಬಾರಿಗೆ ಥಿಯೇಟರಿನ ಬಾಗಿಲ ಆಚೆ ಕೂತಿದ್ದರು. ಆಗಲೂ ಇಷ್ಟು ಭಯವಾಗಿರಲಿಲ್ಲ. ಅಲ್ಲಿ ಜೀವ ಉಳಿಸುವವರು ಬೇರೆಯವರಿದ್ದರು, ಮತ್ತು ದನಿ ಮನೆಯಲ್ಲಿ ಭದ್ರವಾಗಿತ್ತು. ಇಲ್ಲಿ ಕೈ ಇಟ್ಟವರು ತಾವೇ. ಡಾಕ್ಟರು ಗಂಟಲಿನಿಂದ ತೆಗೆದರು, ಉಳಿದದ್ದನ್ನು ನಾನು ತೆಗೆದೆ. ಹಾಗೆ ಅನ್ನಿಸಿದ್ದೇ ತಡ, ಕುರ್ಚಿ ಹಿಡಿದುಕೊಂಡರು.

ಮುಚ್ಚಿಡಬಹುದಿತ್ತು. ನಾಳೆ ನೋಡೋಣ ಎಂದು ಬಟ್ಟೆ ಹೊದಿಸಿ ಸುಮ್ಮನಿರಬಹುದಿತ್ತು. ಆ ಆಸೆಯೂ ಒಂದು ಕ್ಷಣ ಬಂತು. ಆದರೆ ತಪ್ಪಾದರೆ ಅಲ್ಲೇ ಬಾಯಿಬಿಟ್ಟು ಹೇಳುವುದು ಮೂವತ್ತೊಂದು ವರ್ಷದ ಅಭ್ಯಾಸ. ಕಾಲೆಳೆದುಕೊಂಡು ಒಳಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತರು.

"ರೀ... ಕೆಲ್ಸ ಕೆಡಿಸ್ಬಿಟ್ಟೆ. ಅದು ಆನ್ ಆಗ್ತಿಲ್ಲ. ನಿಮ್ ಮಾತೆಲ್ಲ..." ಅತ್ತುಬಿಟ್ಟರು.

ಯಜಮಾನರು ಎದ್ದು ಕೂತರು. ಬಯ್ಯುತ್ತಾರೆ ಎಂದು ಸಿಸ್ಟರ್ ಕಾದರು, ಬಯ್ಯಲು ಅವರ ಬಳಿ ಬಳಪ ಬಿಟ್ಟರೆ ಏನೂ ಇಲ್ಲವೆಂದು ಮರೆತು. ಯಜಮಾನರು ದಿಂಬಿನ ಪಕ್ಕದಲ್ಲಿ ಕವುಚಿಟ್ಟಿದ್ದ ಸ್ಲೇಟನ್ನು ತಿರುಗಿಸಿ ಅವರ ಮಡಿಲಲ್ಲಿಟ್ಟರು. ಆಗ ಬರೆದದ್ದು, ಇನ್ನೂ ಅಳಿಸಿರಲಿಲ್ಲ: "ಸೆರಗು ತಾಗಿ ಒಂದು ಸ್ಕ್ರೂ ಒಳಗೆ ಬಿತ್ತು."

"ಆದ್ರೆ ಎಂಟು ಸರಿ ಇತ್ತಲ್ರೀ! ನಾನೇ ಎಣಿಸಿದ್ನಲ್ಲ!"

ಹೇಳುತ್ತಿದ್ದಂತೆ ಬಾಯಿ ಹಾಗೇ ನಿಂತಿತು. ಪೊಟ್ಟಣ. ಹೊಸ ಡಿಸ್ಕಿಗೆ ಬೇಕಾದದ್ದು ನಾಲ್ಕು ಸ್ಕ್ರೂ. ಕಂಪನಿಯವರು ಕಳೆದುಹೋದರೆ ಇರಲಿ ಎಂದು ಐದನೆಯದನ್ನೂ ಹಾಕಿದ್ದರು. ನಡುವೆ ಒಳಗೆ ಬಂದದ್ದನ್ನು ಹಲಗೆಗೆ ಬರೆಯದೆ ಬಿಡಬಾರದು, ಹೊಸ ನರ್ಸುಗಳಿಗೆ ತಾವೇ ಸಾವಿರ ಸಲ ಹೇಳಿದ ಪಾಠ ಅದು. ಎಂಟನೆಯದು ಎಂದು ಎಣಿಸಿದ್ದು ಆ ಹೆಚ್ಚಿನ ಸ್ಕ್ರೂ. ತಮ್ಮದು ಒಳಗೆ ಬಿದ್ದಿತ್ತು.

ಯಜಮಾನರು ಸ್ಲೇಟು ಎಳೆದುಕೊಂಡು ಒರೆಸಿ ಬರೆದರು: "ನೀ ಎಂಟು ಅಂದೆ. ನೀ ಎಣಿಸಿದ್ಮೇಲೆ ನನ್ನ ಕಣ್ಣೇ ತಪ್ಪು ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬಾಗಿಲ ಬಳಿ ನಿಂತ ಆಯಾಳ ಮಾತನ್ನು ದೊಡ್ಡ ಡಾಕ್ಟರೆದುರು ಎತ್ತಿಹಿಡಿದವರು, ಬಾಗಿಲ ಬಳಿ ಕೂತ ಗಂಡನ ಸ್ಲೇಟನ್ನು ಮೊಣಕೈಯಿಂದ ತಳ್ಳಿದ್ದರು. ಮಾತಾಡಲಾಗದ ಮನುಷ್ಯನಿಗೆ ಮಾತಾಡ್ಬೇಡಿ ಎಂದಿದ್ದರು. ಸಿಸ್ಟರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಆದರೆ ಹೇಸಿಗೆಗಿಂತ ಮುಂದೆ ಭಯ ಓಡುತ್ತಿತ್ತು. ಇಷ್ಟು ಸಲ ಗುಂಡಿ ಒತ್ತಿದ್ದೇನಲ್ಲ, ಅಷ್ಟರಲ್ಲಿ ಡಿಸ್ಕಿಗೂ ಹೊಡೆದಿದ್ದರೆ?

ಇಬ್ಬರೂ ಸೇರಿ ಡಬ್ಬವನ್ನು ಮತ್ತೆ ಮಲಗಿಸಿದರು. ಯಜಮಾನರು ಟಾರ್ಚ್ ಹಿಡಿದರು. ಎಲ್ಲೂ ಕಾಣಲಿಲ್ಲ. ಯಜಮಾನರು ಬೆರಳಿನಿಂದ ಕೆಳಮೂಲೆ ತೋರಿಸಿದರು, ಸಿಸ್ಟರ್ ಈ ಸಲ ಬೆರಳು ಹೋದ ಕಡೆಯೇ ನೋಡಿದರು. ಬೋರ್ಡಿಗೂ ಹಿಂದಿನ ತಗಡಿಗೂ ನಡುವಿನ ಸಂದಿನಲ್ಲಿ ಏನೋ ಮಿಂಚಿತು. ಆಸ್ಪತ್ರೆಯಿಂದ ನಿವೃತ್ತಿಯ ದಿನ ತಂದುಕೊಂಡಿದ್ದ ಉದ್ದ ಮೂತಿಯ ಫೋರ್ಸೆಪ್ಸ್ ತಂದರು. ಅದು ಕೈಗೆ ಬಂದ ಕೂಡಲೆ ನಡುಕ ನಿಂತಿತು. ಮೂತಿಯನ್ನು ಸಂದಿಗೆ ಇಳಿಸಿ, ಕಚ್ಚಿಸಿ, ಉಸಿರು ಬಿಗಿಹಿಡಿದು ಎಳೆದರು. ಸ್ಕ್ರೂ ಟಿಣ್ಣೆಂದು ತಟ್ಟೆಗೆ ಬಿತ್ತು.

ವೈರು ಚುಚ್ಚಿದ ಮೇಲೆ ಗುಂಡಿ ಒತ್ತಲು ಸಿಸ್ಟರಿಗೆ ಕೈ ಬರಲಿಲ್ಲ. "ನೀವೇ ಒತ್ತಿ" ಎಂದು ಕಣ್ಣು ಮುಚ್ಚಿಕೊಂಡರು. ಫ್ಯಾನು ಅರ್ಧ ಸುತ್ತು ತಿರುಗಿತು, ಮುಂದಿನ ಅರ್ಧವನ್ನೂ ತಿರುಗಿತು, ತಿರುಗುತ್ತಲೇ ಇತ್ತು. ಪರದೆ ಬೆಳಗಿತು. ಕಡತ ತೆರೆಯುವವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೊನೆಗೆ ಪಟ್ಟಿ ಬಂತು, ಒಂದರ ಕೆಳಗೆ ಒಂದು, ನಾನೂರ ಹತ್ತು. ಸಿಸ್ಟರ್ ಮೊದಲು ಪೆನ್‌ಡ್ರೈವ್ ಚುಚ್ಚಿದರು. ನಕಲು ಎಲ್ಲೂ ನಿಲ್ಲದೆ ಮುಗಿಯಿತು. ಹೊಸ ಡಿಸ್ಕಿಗೂ ಒಂದು ನಕಲು ಹಾಕಿದರು. ಆಗಷ್ಟೇ ಅವರಿಗೆ ಉಸಿರು ಪೂರ್ತಿ ಬಂತು.

"ಕಾಫಿ ಮಾಡ್ತೀನಿ ತಾಳಿ, ಮುಚ್ಚಳ ಆಮೇಲೆ ಹಾಕೋಣ, ಆ ಟಾರ್ಚ್ ಆರಿಸಿ, ಸ್ಲೇಟು ಅಲ್ಲೆಲ್ಲೋ ಬಿಟ್ರಿ ನೋಡಿ..." ಎಂದು ಸಿಸ್ಟರ್ ಅಡುಗೆಮನೆಯ ಕಡೆ ಹೊರಟರು.

ಹಿಂದಿನಿಂದ ಚಪ್ಪಾಳೆ ಬರಲಿಲ್ಲ. ಎರಡು ತಿಂಗಳಿಂದ ಕಾಫಿ ಆರಿದ ಮೇಲಷ್ಟೇ ಬರುತ್ತಿದ್ದ ದನಿ, ಬಸ್ ಸ್ಟ್ಯಾಂಡಿನ ಆ ದನಿ, ತಡವಿಲ್ಲದೆ ಒಮ್ಮೆಗೇ ಹೊರಬಂತು. ಮೂರನೆಯ ಥರ, ಗದರಿದ್ದು:

"ಒಂದ್ನಿಮಿಷ ನನ್ ಮಾತು ಕೇಳು!"

ಸಿಸ್ಟರ್ ನಿಂತಲ್ಲೇ ನಿಂತರು. ಆಮೇಲೆ ತಿರುಗಿ ಬಂದು, ಗಂಡನ ಎದುರಿನ ಕುರ್ಚಿ ಎಳೆದುಕೊಂಡು, ಎರಡೂ ಕೈಯನ್ನು ಮಡಿಲಲ್ಲಿಟ್ಟು ಕೂತರು.

"ಹೇಳಿ" ಎಂದರು.

ಯಜಮಾನರು ಬಳಪಕ್ಕಾಗಿ ಜೇಬು ತಡಕಿದರು. ಸಿಸ್ಟರ್ ಕಾದರು.